ಬರೇ ಗಾಳಿ

ಆ ಮುಂಜಾನೆ ನಳಕ್ಕೆ ನೀರು ಬರಲಿಲ್ಲ. ವಾಡಿಯ ನಮ್ಮ ಸಾಲುಮನೆಗಳಿಗೆ ದಿನಾ ನಸುಕಿನಲ್ಲಿ ನೀರು ಬಿಡುತ್ತಾರೆ. ಬರುವ ಮೊದಲು ನಳ ಕೆಮ್ಮುತ್ತದೆ. ನನಗೆ ಎಚ್ಚರವಾಗುವುದೇ ಆ ಕೆಮ್ಮಿಗೆ. ಅವತ್ತು ಅದು ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ಸುಮ್ಮನಾಯಿತು. ಹಿಂದಿನ ದಿನ ತುಂಬಿಟ್ಟ ಹಂಡೆಯ ನೀರಿನ ಮೇಲೆ ಬಿಳಿಯ ತೆಳ್ಳನೆ ಪೊರೆ ಕಟ್ಟಿತ್ತು. ನಮ್ಮದು ಸುಣ್ಣದ ಕಲ್ಲಿನ ನೀರು, ರಾತ್ರಿ ಕಳೆಯುವುದರೊಳಗೆ ಹೀಗೆಯೇ. ಪೊರೆಯನ್ನು ಬೆರಳಿನಿಂದ ಸರಿಸಿ, ಅದೇ ನೀರಿನಲ್ಲಿ ಹಿಟ್ಟು ನಾದಿ, ರೊಟ್ಟಿ ಬಡಿಯಲು ಕೂತೆ.

ಮನೆಯವರು ರೈಲ್ವೆ ಡ್ಯೂಟಿಯ ಮೇಲೆ ರಾಯಚೂರು ಕಡೆ ಹೋಗಿದ್ದರು. ಮನೆಯಲ್ಲಿ ನಾನು, ನಮ್ಮ ಅತ್ತೆ, ಮತ್ತು ಎರಡು ದಿನದ ಮಟ್ಟಿಗೆ ಬಂದ ನನ್ನ ತಮ್ಮ. ನೀರು ಬಾರದ ನಳಕ್ಕೂ ಅವನು ಬಂದಿರುವುದಕ್ಕೂ ಸಂಬಂಧವಿತ್ತು. ನಮ್ಮ ಸಾಲುಮನೆಗಳಿಗೆ ನೀರು ಬರುವುದು ಶಹಾಬಾದ ರಸ್ತೆಯ ಪಕ್ಕದ ಒಂದು ಹಳೆಯ ಕಲ್ಲಿನ ಕ್ವಾರಿಯಿಂದ. ಫರಸಿ ಕಲ್ಲು ತೆಗೆದು ತೆಗೆದು ಬಿಟ್ಟ ಗುಂಡಿಯಲ್ಲಿ ವರ್ಷಗಟ್ಟಲೆ ನೀರು ನಿಂತಿದೆ. ಪಂಪಿನ ಪೈಪು ಅದರ ತಳದವರೆಗೆ ಇಳಿದಿದೆ. ಪೈಪಿನ ಬಾಯಿಗೆ ಕಸ ಕಟ್ಟಿಕೊಂಡರೆ ಯಾರಾದರೂ ಮುಳುಗಿ ತೆಗೆಯಬೇಕು. ನನ್ನ ತಮ್ಮನ ಕೆಲಸ ಅದು; ಕೆಲವು ದಿನದಿಂದ ನೀರು ಸಣ್ಣಗೆ ಬರುತ್ತಿದೆಯೆಂದು ಅವನನ್ನು ಕರೆಸಿದ್ದರು. ಸಮುದ್ರದ ಕಡೆ ಬಂದರಿನ ಕೆಲಸದಲ್ಲಿ ಮುಳುಗುವುದನ್ನು ಕಲಿತು ಬಂದ. ಈಗ ಸೇಡಂನಲ್ಲಿ ಮನೆ ಮಾಡಿಕೊಂಡು, ಚಿತ್ತಾಪುರ, ಚಿಂಚೋಳಿ ಎಂದು ಎಲ್ಲಿ ಕೆರೆಯ ತೂಬು ಸಿಕ್ಕಿಕೊಂಡಿದೆ, ಎಲ್ಲಿ ಪಂಪು ಕಟ್ಟಿದೆ ಎಂದು ಕರೆಯುತ್ತಾರೋ ಅಲ್ಲಿಗೆ ಹೋಗುತ್ತಾನೆ.

ಅವನ ಸಾಮಾನು ನಮ್ಮ ಪಡಸಾಲೆಯಲ್ಲಿತ್ತು. ನೀರಿನೊಳಗೆ ಉಸಿರಾಡುವ ಸಾಮಾನು ಎಂದರೆ ಏನೋ ದೊಡ್ಡದು ಎಂದುಕೊಂಡಿದ್ದೆ. ನೋಡಿದರೆ ಸೀಸದ ತುಂಡು ಪೋಣಿಸಿದ ಒಂದು ಬೆಲ್ಟು, ಗಾಜಿನ ಮುಖವಾಡ, ಬಾಯಲ್ಲಿ ಕಚ್ಚಿ ಹಿಡಿಯುವ ರಬ್ಬರಿನ ತುಂಡು, ಅದರಿಂದ ಹೊರಟ ಕರಿ ಕೊಳವೆ. ಕೊಳವೆಯನ್ನು ಸಿಲಿಂಡರಿಗೆ ಸೇರಿಸುವ ಹಿತ್ತಾಳೆಯ ಗಡ್ಡೆಗೆ ಅವನು ರೆಗ್ಯುಲೇಟರ್ ಎನ್ನುತ್ತಾನೆ. ನನ್ನ ಒಲೆಯ ಗ್ಯಾಸಿಗೂ ಅದೇ ಹೆಸರು. ಅವನು ರಬ್ಬರ್ ತುಂಡನ್ನು ಕಚ್ಚಿ ಕಚ್ಚಿ ಹಲ್ಲಿನ ಗುರುತು ಬಿದ್ದಿತ್ತು. ಚಿಕ್ಕವನಿದ್ದಾಗ ಪೆನ್ಸಿಲ್ ಕಚ್ಚುತ್ತಿದ್ದ. ಅದೇ ಎಡಗಡೆಯ ಹಲ್ಲು.

ಗಾಳಿ ತುಂಬುವ ಎರಡು ಸಿಲಿಂಡರುಗಳು ಮಾತ್ರ ಇರಲಿಲ್ಲ. ಅವನ್ನು ತುಂಬಿಸಲು ಪಕ್ಕದ ಮನೆಯ ಕಾಕಾನ ಕೈಗೆ ಕೊಟ್ಟಿದ್ದ. ಕಾಕಾ ನಮಗೆ ಬಂಧುವಲ್ಲ, ಓಣಿಗೆಲ್ಲ ಕಾಕಾ. ಸ್ಟೇಷನ್ ರಸ್ತೆಯಲ್ಲಿ ಅವರ ಗ್ಯಾಸ್ ವೆಲ್ಡಿಂಗ್ ಅಂಗಡಿ ಇದೆ. ವೆಲ್ಡಿಂಗಿಗೆ ಬೇಕಾದ ಆಕ್ಸಿಜನ್ ತರಲು ಅವರ ಗಾಡಿ ಆಗಾಗ ಹೈದರಾಬಾದಿಗೆ ಹೋಗುತ್ತದೆ. ತಮ್ಮನ ಸಿಲಿಂಡರುಗಳೂ ಅದರಲ್ಲೇ ಹೋಗಿ, ಅಲ್ಲಿನ ಒಂದು ಕಡೆ ಗಾಳಿ ತುಂಬಿಸಿಕೊಂಡು ಬರುತ್ತವೆ.

ನಾನು ಎರಡನೆಯ ರೊಟ್ಟಿ ತಿರುವುತ್ತಿದ್ದಾಗ ಕಾಕಾ ಅವನ್ನು ಎರಡೂ ಕಂಕುಳಲ್ಲಿ ಎತ್ತಿಕೊಂಡು ಬಂದರು.

"ಏ ಮಗಾ, ಎದ್ದಿಯೇನು? ತಗೋ ನಿನ್ನ ಅವಳಿ ಕೂಸು. ರಾತ್ರಿಯೆಲ್ಲ ನನ್ನ ಅಂಗಡ್ಯಾಗ ಮಲಗಿದ್ವು."

ತಮ್ಮ ಎದ್ದು ಬಂದು ಇಸಿದುಕೊಂಡ. "ಭಾಳ ತ್ರಾಸ ಕೊಟ್ಟೆ ಕಾಕಾ ನಿಮಗ."

"ತ್ರಾಸ ಏನದರಾಗ? ಈ ಸಲ ಅಸಲಿ ಮಾಲ್ ಹಾಕ್ಸೀನಿ ನೋಡು. ನಿನ್ನ ಆ ಗಾಳಿ ಗೀಳಿ ಅಲ್ಲ."

"ಗಾಳಿನೇ ಅಸಲಿ ಕಾಕಾ ನಮಗ."

"ಗಾಳಿ ಹೊಡಸ್ಕೊಂಡು ಹೋಗ್ಲಿಕ್ಕ ನೀ ಏನು ಸೈಕಲ್ ಟ್ಯೂಬೇನೋ?"

ಮೂವರೂ ನಕ್ಕೆವು. ಕಾಕಾ ಇಂಥ ಮಾತು ಆಡುವವರೇ. ತಮ್ಮನ ಸಿಲಿಂಡರನ್ನು ಊರೆಲ್ಲ ಆಕ್ಸಿಜನ್ ಎನ್ನುತ್ತದೆ, ಅವನು ಪ್ರತಿ ಸಲ ತಿದ್ದುತ್ತಾನೆ: "ಆಕ್ಸಿಜನ್ ಅಲ್ರಿ, ಗಾಳಿ. ನಾವೀಗ ಎಳಕೊಳ್ಳಾಕತ್ತೀವಲ್ಲ, ಅದೇ ಗಾಳಿ, ಒತ್ತಿ ತುಂಬಿದ್ದು." ಕೇಳಿದವರ ಮುಖದಲ್ಲಿ ಸಣ್ಣ ನಿರಾಸೆ ಕಾಣುತ್ತದೆ. ಬರೇ ಗಾಳಿಯೇ, ಎನ್ನುವ ಹಾಗೆ. ಪಾಪ, ಕೆಲಸ ಕೊಡುವ ಗುತ್ತೇದಾರ ಇವನಿಗೆ ಅಗ್ಗದ್ದು ಕೊಟ್ಟು ಮೋಸ ಮಾಡುತ್ತಾನೆ ಎಂದು ನಮ್ಮ ಓಣಿಯ ಹೆಂಗಸರು ನನ್ನೆದುರೇ ಮರುಗಿದ್ದಾರೆ. ನಾನೂ ಕಾನ್ವೆಂಟಿನಲ್ಲಿ ಓದಿದವಳು. ಆಕ್ಸಿಜನ್ ಎಂದರೆ ಪ್ರಾಣವಾಯು ಎಂದು ಸಿಸ್ಟರ್ ಹಲಗೆಯ ಮೇಲೆ ದುಂಡಗೆ ಬರೆದದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಅದೇ ಪ್ರಾಣವಾಯು ಚೊಕ್ಕವಾಗಿ ಇದ್ದರೆ, ನೀರಿನ ಆಳಕ್ಕೆ ಹೋದಂತೆ ಮೈಗೆ ವಿಷವಾಗುತ್ತದೆ, ಫಿಟ್ಸು ಬಂದಂತಾಗಿ ಬಾಯೊಳಗಿನ ರಬ್ಬರ್ ಬಿಟ್ಟುಹೋಗುತ್ತದೆ ಎಂದು ತಮ್ಮ ಊಟಕ್ಕೆ ಕೂತಾಗ ಒಮ್ಮೆ ಹೇಳಿದ್ದ. ನಾನು ನಂಬಿದೆ, ಆದರೆ ಅರ್ಥವಾಗಿರಲಿಲ್ಲ.

ಒಳಗಿನಿಂದ ಅತ್ತೆ ಕೂಗಿದರು. "ಮುಂಜಾನೆದ್ದು ಅದರ ಹೆಸರು ತಗೀಬ್ಯಾಡ್ರಿ ಅಂತ ಎಷ್ಟು ಸಲ ಹೇಳ್ಬೇಕು? ಮೊದಲೇ ಹಾಳು ಕ್ವಾರಿ ಅದು."

ಅವರ ಪಾಲಿಗೆ ಗಾಳಿ ಎಂದರೆ ಬೇರೆ. ಬಿಟ್ಟ ಮನೆ, ಪಾಳು ಬಾವಿ, ಕ್ವಾರಿ, ಇಂಥ ಕಡೆ ಇರುವಂಥದು, ಮನುಷ್ಯರಿಗೆ ಬಡಿಯುವಂಥದು.

ತಮ್ಮ ಒಂದೊಂದೇ ಸಿಲಿಂಡರಿಗೆ ಗಡಿಯಾರದಂಥ ಗೇಜು ಹಚ್ಚಿ ನೋಡಿದ. "ಥೋಡೆ ಕಮ್ಮಿ ತೋರಸ್ತದ ಈ ಸಲ. ಹೈದರಾಬಾದಿನವರು ಪೂರ್ತಿ ತುಂಬಿಲ್ಲ," ಎಂದ. ಕಾಕಾ ಆಗಲೇ ಪಕ್ಕದ ಮನೆ ಸೇರಿದ್ದರು. ತಮ್ಮ ರಬ್ಬರ್ ಕಚ್ಚಿ ಎರಡು ಉಸಿರು ಎಳೆದುಕೊಂಡ. ಮುಳುಗುವ ಮೊದಲು ಹೀಗೆ ವಾಸನೆ, ರುಚಿ ನೋಡುವುದು ಅವನ ರೂಢಿ. ಎಣ್ಣೆಯ ವಾಸನೆ ಬಂದರೆ, ಹೊಗೆಯ ಒಗರು ಬಂದರೆ ಆ ಸಿಲಿಂಡರ್ ಮುಟ್ಟುವುದಿಲ್ಲ. "ಏನೂ ವಾಸನಿ ಇಲ್ಲ. ಚಲೋ ಅದ," ಎಂದ.

ಒಂದು ಸಿಲಿಂಡರಿನ ಬಾಯಿಯ ಹತ್ತಿರ ಬಿಳಿಯ ಎಳೆ ಅಂಟಿತ್ತು. ಅರಳೆ ಎಂದುಕೊಂಡು ತೆಗೆದೆ. ಅರಳೆಯಲ್ಲ, ಜಾರುವ ಪ್ಲಾಸ್ಟಿಕ್ಕು. ನಳ ಜೋಡಿಸುವವರು ತಿರುಪಿಗೆ ಸುತ್ತುವ ಟೇಪಿನ ಚೂರು. ಸೀರೆಯ ಸೆರಗಿಗೆ ಕೈ ಒರೆಸಿಕೊಂಡು ರೊಟ್ಟಿಗೆ ಮರಳಿದೆ.

ಅಷ್ಟರಲ್ಲಿ ಚಿತ್ತಾಪುರದಿಂದ ಫೋನು ಬಂತು. ತಮ್ಮ ಮುಳುಗಿದಾಗ ದಂಡೆಯ ಮೇಲೆ ಹಗ್ಗ ಹಿಡಿದು ನಿಲ್ಲುವವನೊಬ್ಬನಿದ್ದಾನೆ, ಅವನಿಗೆ ಜ್ವರ. ತಮ್ಮ ಫೋನಿಟ್ಟು ನನ್ನ ಮುಖ ನೋಡಿದ.

"ಅಕ್ಕಾ, ನೀನೇ ಬಾ."

"ನಾನೇನು ಮಾಡ್ಲಿ ಅಲ್ಲಿ ಬಂದು?"

"ಹಗ್ಗ ಹಿಡಕೊಂಡು ಕುಂದ್ರು. ಅಲ್ಲಿ ಕೆಲಸ ಮಾಡಸೋ ಮುಕಾದಮನ ಆಳು ಅದಾರ, ಆದ್ರ ಅವರು ಒಂದ ಕೈಯಾಗ ಹಗ್ಗ, ಒಂದ ಕೈಯಾಗ ಮೊಬೈಲ್ ಹಿಡೀತಾರ. ನಿನ್ನಂಗ ಲಕ್ಷ್ಯ ಇಟ್ಟು ಕುಂದ್ರೋರು ನನಗ ಯಾರೂ ಗೊತ್ತಿಲ್ಲ."

ಅತ್ತೆ ಬೇಡವೆಂದರು. ಆಮೇಲೆ ನಳದ ಕಡೆ ನೋಡಿ, ಹೋಗಿ ಬರ್ರಿ ಎಂದರು. ನಾನು ಡಬ್ಬಿಗೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಹಾಕಿಕೊಂಡೆ.

ಕ್ವಾರಿಯ ಗೋಡೆ ಎಂದರೆ ಒಂದರ ಮೇಲೊಂದು ಪೇರಿಸಿದ ಫರಸಿಗಳ ಹಾಗೆ ಪದರು ಪದರು. ನಮ್ಮ ಅಡಿಗೆಮನೆಯ ನೆಲ, ಊರಿನ ಶಾಲೆಯ ಕಟ್ಟೆ, ಬಸ್‌ಸ್ಟ್ಯಾಂಡಿನ ಬೆಂಚು ಎಲ್ಲ ಇಂಥ ಕಡೆಯಿಂದಲೇ ಎದ್ದು ಬಂದವು. ಅವು ಎದ್ದು ಬಂದ ಜಾಗದಲ್ಲಿ ನೀರು ನಿಂತಿತ್ತು. ದಂಡೆಯ ಹತ್ತಿರ ಹಸಿರು, ನಡುವೆ ಕಪ್ಪು. ಅಷ್ಟು ನೀರಿದ್ದರೂ ಒಂದು ಕೊಕ್ಕರೆ ಇರಲಿಲ್ಲ. ದೂರದಲ್ಲಿ ಗೂಡ್ಸ್ ಗಾಡಿ ಹೋದಾಗ ನೀರಿನ ಮೇಲೆ ಸಣ್ಣ ಗೆರೆಗಳು ಮೂಡಿ ಅಳಿಸಿಹೋದವು. ಗಾಡಿಯ ಸದ್ದು ನಮಗೆ ಕೇಳಿದ್ದು ಆಮೇಲೆ.

ಪಂಪ್‌ಮನೆಯ ಬಾಗಿಲಲ್ಲಿ ಮುಕಾದಮ ಕುರ್ಚಿ ಹಾಕಿಕೊಂಡು ಕೂತಿದ್ದ. ಗುತ್ತೇದಾರನ ಪರವಾಗಿ ಕೆಲಸ ಮಾಡಿಸುವವನು ಅವನೇ. ಒಳಗೆ ದೇವರ ಫೋಟೋದ ಮುಂದೆ ಊದಿನಕಡ್ಡಿ ಹಚ್ಚಿಟ್ಟಿದ್ದ. ನನ್ನನ್ನು ನೋಡಿ ಕುರ್ಚಿ ಬಿಟ್ಟೆದ್ದ.

"ಅಕ್ಕೋರು ಬಂದ್ರು! ಕುಂದ್ರಿ, ಕುಂದ್ರಿ. ಇವತ್ತ ಮುಗಿಸ್ಲೇಬೇಕು ನೋಡ್ರಿ. ಮುಂಜಾನಿಂದ ನೀರಿಲ್ಲ ಅಂತ ಮಂದಿ ಫೋನ್ ಮಾಡಿ ಮಾಡಿ ನನ್ನ ಕಿವಿ ತಿಂದಾರ."

ನಾನು ಕುರ್ಚಿ ಒಲ್ಲೆನೆಂದು ದಂಡೆಯ ಕಲ್ಲಿನ ಮೇಲೆ ಕೂತೆ. ತಮ್ಮ ಹಗ್ಗದ ಒಂದು ತುದಿಯನ್ನು ಎದೆಗೆ ಕಟ್ಟಿಕೊಂಡು ಇನ್ನೊಂದನ್ನು ನನ್ನ ಕೈಗೆ ಕೊಟ್ಟ. ಒಮ್ಮೆ ಎಳೆದರೆ ಎಲ್ಲ ಸರಿ ಇದೆ ಎಂದು ಅರ್ಥ. ಎರಡು ಸಲ ಎಳೆದರೆ ಹಗ್ಗ ಸಡಿಲ ಬಿಡಬೇಕು. ಬಿಡದೆ ಎಳೆದರೆ ಮೇಲಕ್ಕೆ ಎಳೆದುಕೊಳ್ಳಬೇಕು. ಪೈಪಿಗೆ ನಡುವೆ ಒಂದು ಕಡೆ ಜಾಳಿಗೆ ಇದೆ, ಮೊದಲು ಅದರ ಕಸ ತೆಗೆಯುತ್ತೇನೆ, ಊಟ ಮಾಡಿ ಎರಡನೆಯ ಸಿಲಿಂಡರಿನಲ್ಲಿ ತಳಕ್ಕೆ ಹೋಗುತ್ತೇನೆ ಎಂದ. ಮುಖವಾಡದೊಳಗೆ ಉಗುಳಿ, ಒರೆಸಿ, ಹಾಕಿಕೊಂಡ. ಗಾಜಿನ ಹಿಂದೆ ಅವನ ಕಣ್ಣು ದೊಡ್ಡದಾಗಿ, ಬೇರೆ ಯಾರದ್ದೋ ಆಗಿ ಕಂಡಿತು. ನೀರು ಅವನ ಮೇಲೆ ಸದ್ದಿಲ್ಲದೆ ಮುಚ್ಚಿಕೊಂಡಿತು.

ಆಮೇಲೆ ಇದ್ದದ್ದು ಗುಳ್ಳೆಗಳು ಮಾತ್ರ. ಒಂದು ಗೊಂಚಲು ಮೇಲೆ ಬಂದು ಒಡೆಯುತ್ತದೆ, ತುಸು ಹೊತ್ತು ಏನಿಲ್ಲ, ಮತ್ತೊಂದು ಗೊಂಚಲು. ಅವನು ಉಸಿರು ಬಿಟ್ಟದ್ದು ನೀರಿನ ಮೇಲೆ ಕಾಣುತ್ತಿತ್ತು. ನನಗೆ ಗೊತ್ತಿಲ್ಲದೆ ನಾನೂ ಅದರ ಜೊತೆಗೆ ಉಸಿರು ಬಿಡತೊಡಗಿದೆ. ಹಗ್ಗ ಒಮ್ಮೆ ಜಗ್ಗಿತು. ನಾನೂ ಒಮ್ಮೆ ಜಗ್ಗಿದೆ. ಹಿಂದೆ ಆಳುಗಳು ತೊಗರಿಯ ಮಾತು, ಯಾರದೋ ಲಗ್ನದ ಮಾತು ಆಡುತ್ತಿದ್ದರು. ನಾನು ತಿರುಗಲಿಲ್ಲ.

ಗೊಂಚಲುಗಳ ನಡುವಿನ ಬಿಡುವು ಕಡಿಮೆಯಾದದ್ದನ್ನು ಮೊದಲು ನನ್ನ ಎದೆ ಗುರುತಿಸಿತು. ನನಗೆ ಅವನ ಜೊತೆ ಉಸಿರು ಹೊಂದಿಸಲು ಆಗಲಿಲ್ಲ. ಕೆಲಸದ ದಣಿವು ಇರಬೇಕು ಎಂದುಕೊಂಡೆ. ಆಗ ಕೈಯಲ್ಲಿದ್ದ ಹಗ್ಗ ನಡುಗಿತು. ಜಗ್ಗಲಿಲ್ಲ, ನಡುಗಿತು. ಕುದಿಯುವ ಪಾತ್ರೆಯ ಮುಚ್ಚಳ ಹಿಡಿದಾಗ ಬೆರಳಿಗೆ ತಾಗುತ್ತದಲ್ಲ, ಅಂಥ ಸಣ್ಣ ನಡುಕ. ತಮ್ಮ ಹೇಳಿಕೊಟ್ಟದ್ದರಲ್ಲಿ ಇದಕ್ಕೆ ಅರ್ಥ ಇರಲಿಲ್ಲ. ನಾನು ಒಮ್ಮೆ ಜಗ್ಗಿ ಕೇಳಿದೆ. ಉತ್ತರ ಬರಲಿಲ್ಲ.

"ಎಳೀರಿ!" ಎಂದೆ. ನನ್ನ ಗಂಟಲಿನಿಂದ ಅಷ್ಟು ದೊಡ್ಡ ದನಿ ಬಂದದ್ದು ನನಗೇ ಹೊಸದು. ಆಳುಗಳಿಬ್ಬರು ಓಡಿ ಬಂದು ಹಗ್ಗ ಹಿಡಿದರು.

ತಮ್ಮ ಮೇಲೆ ಬಂದ. ರಬ್ಬರ್ ಇನ್ನೂ ಬಾಯಲ್ಲಿತ್ತು. ಕಲ್ಲಿನ ಮೇಲೆ ಕೂಡಿಸಿ ಅದನ್ನು ತೆಗೆದಾಗ ನೋಡಿದೆ: ಅವನ ಕೆಳತುಟಿಯ ಒಂದು ಮೂಲೆ ತನ್ನಷ್ಟಕ್ಕೆ ತಾನೇ ಹಾರುತ್ತಿತ್ತು. ಕಣ್ಣಿನ ರೆಪ್ಪೆ ಹಾರುತ್ತದಲ್ಲ, ಹಾಗೆ. ಅವನು ಬೆರಳಿನಿಂದ ಒತ್ತಿ ಹಿಡಿದ. ಬೆರಳಿನ ಕೆಳಗೂ ಅದು ಹಾರಿತು.

"ಏನಾತೋ ತಮ್ಮಾ?"

"ಸುತ್ತೆಲ್ಲ ಕತ್ತಲಾಗಿ ನಡುವೆ ಒಂದ ಬಟ್ಟಲದಷ್ಟೇ ಕಾಣಾಕತ್ತಿತ್ತು ಅಕ್ಕಾ. ಕಿವ್ಯಾಗ ಗುಂಯ್ ಅಂತ ಸಪ್ಪಳ."

ಮುಕಾದಮ ಬಂದು ನಿಂತ. "ಏನ್ರಿ ಸಾಹೇಬ್ರ, ಸಮುದ್ರ ಕಂಡವರು ಅಂತಿದ್ರಿ. ನಮ್ಮ ಕಲ್ಲಿನ ಕುಣಿಗೆ ಅಂಜಿಬಿಟ್ರಿ?"

"ಜರಾ ಕುಂದ್ರಲಿಕ್ಕ ಬಿಡ್ರಿ," ಎಂದ ತಮ್ಮ.

ಆಳುಗಳು ತುಟಿಯನ್ನೇ ನೋಡುತ್ತಿದ್ದರು. ಒಬ್ಬ ಇನ್ನೊಬ್ಬನಿಗೆ ಮೆಲ್ಲಗೆ, "ಗಾಳಿ ಸೋಂಕ್ಯದ," ಎಂದ. ಇನ್ನೊಬ್ಬ ತಲೆ ಆಡಿಸಿ ನೀರಿನಿಂದ ಎರಡು ಹೆಜ್ಜೆ ಹಿಂದೆ ಸರಿದ. ಅಷ್ಟರಲ್ಲಿ ಅತ್ತೆಯ ಫೋನು. ನಾನು ಸುಳ್ಳು ಹೇಳಲಾರದೆ ತುಟಿಯ ಸಂಗತಿ ಹೇಳಿಬಿಟ್ಟೆ. "ನಾ ಹೇಳಿದ್ದಿಲ್ಲ? ಗಾಳಿನೇ ಅದು! ಲಗೂ ಅವನ್ನ ಕರಕೊಂಡು ಬಾ, ನಿಂಬಿಕಾಯಿ ಇಳಿಸಿ ಒಗೀತೀನಿ," ಎಂದರು. ಸುತ್ತಲೂ ಅದೊಂದೇ ಶಬ್ದ.

ತುಟಿ ಹಾರುವುದು ನಿಂತಿತು. ತಮ್ಮನ ಮುಖಕ್ಕೆ ಬಣ್ಣ ಬಂತು. ನಾನು ಡಬ್ಬಿ ಬಿಚ್ಚಿದೆ; ಅವನು ರೊಟ್ಟಿ ಮುರಿದು ಮುರಿದು ಇಟ್ಟ, ಬಾಯಿಗೆ ಹಾಕಲಿಲ್ಲ.

"ಇದು ಫಿಟ್ಸ್ ಆದ್ರ ಮುಗೀತು ಅಕ್ಕಾ," ಎಂದ, ಮುಕಾದಮನಿಗೆ ಕೇಳದ ಹಾಗೆ. "ಮೈಯಾಗ ಇಂಥಾದು ಇದ್ದವಗ ನೀರಿಗೆ ಇಳೀಲಿಕ್ಕ ಯಾರೂ ಬಿಡಂಗಿಲ್ಲ. ನನಗ ಬ್ಯಾರೆ ಕೆಲಸ ಬರಂಗಿಲ್ಲ."

"ಇವತ್ತ ಬಿಡು. ದವಾಖಾನಿಗೆ ಹೋಗಿ ತೋರಿಸೋಣ."

"ತೋರಿಸಿದ್ರ ಫಿಟ್ಸ್ ಅಂತ ಬರದು ಕೊಡ್ತಾರ. ಬರದು ಕೊಟ್ರ ಹಣ್ಯಾಗ ಬರದಂಗೇ ಆತು." ಅವನು ಎರಡನೆಯ ಸಿಲಿಂಡರನ್ನು ಹತ್ತಿರ ಎಳೆದುಕೊಂಡ. "ಉಪವಾಸ ಇಳಿದೀನಿ, ಅದಕ್ಕ ಹಿಂಗಾಗಿರಬೇಕು. ಒಂದ ಸಲ ತಳಕ್ಕ ಹೋಗಿ ಬಂದ್ರ ನನ್ನ ಮನಸ್ಸಿಗೂ ಗೊತ್ತಾಗ್ತದ, ಏನೂ ಆಗಿಲ್ಲ ಅಂತ."

ತಳವೆಂದರೆ ಈಗ ಹೋಗಿ ಬಂದದ್ದರ ಎರಡು ಪಟ್ಟು ಆಳ. ಅವನು ಹಿತ್ತಾಳೆಯ ರೆಗ್ಯುಲೇಟರನ್ನು ಬಿಚ್ಚಿ ಎರಡನೆಯದಕ್ಕೆ ಕೂಡಿಸತೊಡಗಿದ. ದಿನದ ಕೆಲಸದ ಹಾಗೆ ಮಾಡುತ್ತಿದ್ದ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

"ಹಿಂಗ ತುಟಿ ಹಾರೋದು ನಿಮ್ಮ ಕೆಲಸದಾಗ ಬ್ಯಾರೆಯವರಿಗೂ ಆಗ್ತದೇನು?" ಎಂದು ಕೇಳಿದೆ. ಮಾತಿನಲ್ಲಿ ತಡೆಯಲು ಕೇಳಿದ್ದು, ಅಷ್ಟೇ.

"ಆಗ್ತದ. ಆಕ್ಸಿಜನ್ ಹೆಚ್ಚಾಗಿ ವಿಷ ಆದಾಗ ಮೊದಲ ತುಟಿ ಹಾರ್ತದ ಅಂತ ನಮಗ ಕಲಿಸ್ಯಾರ. ಕಣ್ಣ ಸುತ್ತ ಕತ್ತಲಿ, ಕಿವ್ಯಾಗ ಸಪ್ಪಳ, ಎಲ್ಲ ಅದೇ." ಅವನು ತಿರುಪು ಬಿಗಿ ಮಾಡುತ್ತ ನಕ್ಕ. "ಆದ್ರ ಅದು ಚೊಕ್ಕ ಆಕ್ಸಿಜನ್ ಕುಡಿದವರಿಗೆ. ನಾ ಕುಡಿದದ್ದು ಬರೇ ಗಾಳಿ. ಇಷ್ಟು ಆಳಕ್ಕೆಲ್ಲ ಗಾಳಿ ಹಂಗ ಮಾಡಂಗಿಲ್ಲ."

"ಕಾಕಾ ಅಸಲಿ ಮಾಲ್ ಹಾಕ್ಸೀನಿ ಅಂದ್ರಲ್ಲ?"

"ಚ್ಯಾಷ್ಟಿ ಮಾಡ್ತಾರ ಅವರು."

ಅವನ ಕೈ ಮಾತ್ರ ತಿರುಪಿನ ಮೇಲೆ ನಿಂತಿತು. ನಾನು ಬೆಳಿಗ್ಗೆ ತೆಗೆದ ಬಿಳಿ ಟೇಪಿನ ಚೂರಿನ ಸಂಗತಿ ಹೇಳಿದೆ. ಹೈದರಾಬಾದಿನವರು ಟೇಪು ಸುತ್ತುವುದಿಲ್ಲ ಎಂದ. ಕಾಕಾಗೆ ಫೋನು ಮಾಡಿದ. ಗಂಟೆ ಬಾರಿಸಿ ಬಾರಿಸಿ ನಿಂತಿತು. ವೆಲ್ಡಿಂಗ್ ಸದ್ದಿನಲ್ಲಿ ಅವರಿಗೆ ಯಾವ ಫೋನೂ ಕೇಳುವುದಿಲ್ಲ. ಗೇಜು ಕಡಿಮೆ ತೋರಿಸಿದ್ದನ್ನು ಅವನೂ ನೆನೆದಿರಬೇಕು, ಅದರ ಮುಖ ನೋಡುತ್ತ ಕೂತ.

"ವಾಸನಿ ಇಲ್ಲ, ರುಚಿ ಇಲ್ಲ. ಮೂಗಿಗೆ ಎರಡೂ ಒಂದೇ," ಎಂದ. "ಹ್ಯಾಂಗ ತಿಳೀಬೇಕು ಇಲ್ಲಿ?"

ಪಂಪ್‌ಮನೆಯಿಂದ ಊದಿನಕಡ್ಡಿಯ ಹೊಗೆ ಬರುತ್ತಿತ್ತು. ನಮ್ಮ ಕಾನ್ವೆಂಟಿನ ಲ್ಯಾಬಿನಲ್ಲಿ ಸಿಸ್ಟರ್ ಆಕ್ಸಿಜನ್ ತುಂಬಿದ ಗಾಜಿನ ಜಾಡಿಯೊಳಗೆ ಕೆಂಡವಿರುವ ಕಡ್ಡಿ ಇಳಿಸಿ ತೋರಿಸಿದ್ದರು. ಉರಿ ಆರಿದ ಕಡ್ಡಿ ಮತ್ತೆ ಉರಿದೆದ್ದಾಗ ಹುಡುಗಿಯರೆಲ್ಲ ಚೀರಿ, ಸಿಸ್ಟರ್ ಬಾಯಿ ಮುಚ್ಚಿಕೊಂಡು ನಕ್ಕಿದ್ದರು. ನಾನು ಡಬ್ಬಿಯ ರೊಟ್ಟಿಯನ್ನು ಮುಚ್ಚಳಕ್ಕೆ ಸುರಿದು, ಡಬ್ಬಿಯನ್ನು ಸೆರಗಿನಿಂದ ಒರೆಸಿ ತಮ್ಮನ ಮುಂದೆ ಹಿಡಿದೆ.

"ಇದರಾಗ ಬಿಡು."

ಅವನಿಗೆ ತಕ್ಷಣ ತಿಳಿಯಿತು. "ಇಲ್ಲೇ ಕಡ್ಡಿ ತರಬ್ಯಾಡ. ದೂರ ಒಯ್ಯಿ," ಎಂದು, ರಬ್ಬರಿನ ತುಂಡನ್ನು ಡಬ್ಬಿಯೊಳಗಿಟ್ಟು ಅದರ ಹಿಂದಿನ ಗಾಳಿ ಬಿಡುವ ಗುಂಡಿ ಒತ್ತಿದ. ಸುಸ್ಸೆಂದು ತುಂಬಿತು, ಕಾಣುವಂಥದ್ದು ಏನೂ ಇರಲಿಲ್ಲ. ಇನ್ನೊಂದು ಚಿಕ್ಕ ಡಬ್ಬಿ, ಹಿಂಡಿಯದು, ಖಾಲಿ ಮಾಡಿ ಹಾಗೆಯೇ ತೆಗೆದುಕೊಂಡೆ. ಅದರಲ್ಲಿ ಕ್ವಾರಿಯ ಮೇಲಿನ ಗಾಳಿ. ದೊಡ್ಡದರ ಮೇಲೆ ಅಂಗೈ ಮುಚ್ಚಿಕೊಂಡು ಪಂಪ್‌ಮನೆಯ ಆಚೆ ಬಯಲಿಗೆ ನಡೆದೆ.

ಮುಕಾದಮ ದೇವರ ಮುಂದಿನ ಕಡ್ಡಿ ತಂದುಕೊಟ್ಟ. ಪೂಜೆ ಎಂದುಕೊಂಡಿದ್ದ, ಚಪ್ಪಲಿ ಕಳಚಿ ಬಂದಿದ್ದ.

ಹಿಂಡಿಯ ಡಬ್ಬಿಯಲ್ಲಿ ಕಡ್ಡಿ ಇಳಿಸಿದೆ. ಕೆಂಡ ಕೆಂಡವಾಗಿಯೇ ಇತ್ತು, ಹೊಗೆ ಸುರುಳಿ ಬಿಟ್ಟಿತು. ರೊಟ್ಟಿಯ ಡಬ್ಬಿಯ ಮೇಲಿನ ಕೈ ತೆಗೆದು ಅದರಲ್ಲಿ ಇಳಿಸಿದೆ. ಭಗ್ ಎಂದು ಹತ್ತಿಕೊಂಡಿತು. ಬಿಸಿಲಿನಲ್ಲೂ ಕಣ್ಣು ಕುಕ್ಕುವ ಬಿಳಿ ಬೆಳಕು. ಕಡ್ಡಿ ಬುಡದವರೆಗೆ ಓಡಿ ಉರಿದು ನನ್ನ ಬೆರಳಿಗೆ ಮುಟ್ಟಿತು. ಕೈಬಿಟ್ಟೆ. ಡಬ್ಬಿಯ ತಳದಲ್ಲಿ ಅದು ಇನ್ನೂ ತುಸು ಹೊತ್ತು ಉರಿಯಿತು.

ತಮ್ಮ ಸೀಸದ ಬೆಲ್ಟು ಬಿಚ್ಚಿ ಕಲ್ಲಿನ ಮೇಲಿಟ್ಟ. ಇಟ್ಟ ಸದ್ದು ಗೋಡೆಗೆ ಬಡಿದು ವಾಪಸು ಬಂತು.

"ಇದು ಆಕ್ಸಿಜನ್," ಎಂದ.

ಮುಕಾದಮ ನಮ್ಮಿಬ್ಬರ ಮುಖ ನೋಡಿದ. "ಮತ್ತ ಚಲೋನೇ ಆತಲ್ರಿ? ಯಾಕ ಬೆಲ್ಟ್ ಬಿಚ್ಚಿದ್ರಿ?"

ಸಾಮಾನು ಕಟ್ಟಿಕೊಂಡು ತಮ್ಮ ನನ್ನ ಜೊತೆ ಮನೆಗೆ ಹೊರಟ. ಮೈ ಸರಿ ಇದೆ ಎಂಬ ಸಮಾಧಾನ ಅವನಿಗೆ ಬಂದಿತ್ತೋ ಇಲ್ಲವೋ. ನನಗಂತೂ ಆ ಕಪ್ಪು ನೀರು, ಅದರ ತಳ, ಹಗ್ಗದ ತುದಿಯಲ್ಲಿ ಬಾಯಿ ಬಿಟ್ಟ ಅವನು, ಇದೇ ಕಣ್ಣ ಮುಂದೆ. ನಮ್ಮ ಸಾಲುಮನೆಗಳ ನಳಗಳಿಗೆ ಅವತ್ತು ನೀರು ಬರಲೇ ಇಲ್ಲ. ಟ್ಯಾಂಕರಿನ ಮುಂದೆ ಕೊಡಗಳ ಸಾಲು ಓಣಿಯ ಮೂಲೆ ತಿರುಗಿತ್ತು. ಅತ್ತೆ ಬಾಗಿಲಲ್ಲೇ ತಡೆದು ನಿಂಬೆಹಣ್ಣು ಇಳಿಸಿದರು. ತಮ್ಮ ತಲೆ ಬಾಗಿಸಿ ಇಳಿಸಿಕೊಂಡ.

ಸಂಜೆ ಕಾಕಾ ಅಂಗಡಿ ಮುಚ್ಚಿ ಬಂದು ಅವರ ಮನೆಯ ಕಟ್ಟೆಯ ಮೇಲೆ ಕಾಲು ಚಾಚಿ ಕೂತರು. ತಮ್ಮ ಎರಡೂ ಸಿಲಿಂಡರುಗಳನ್ನು ಅವರ ಮುಂದೆ ಇಟ್ಟ. ನಾನು ನಮ್ಮ ಹೊಸ್ತಿಲಲ್ಲಿ ನಿಂತಿದ್ದೆ.

"ಕಾಕಾ, ಇವು ಹೈದರಾಬಾದಿಗೆ ಹೋಗಿದ್ವಾ?"

"ಗಾಡಿನೇ ಹೋಗಿಲ್ಲ ಈ ವಾರ. ನಿನ್ನ ಕೆಲಸ ನಿಲ್ಲಬಾರದು ಅಂತ ನಮ್ಮ ಅಂಗಡ್ಯಾಗೇ ತುಂಬಿದೆ. ನಮ್ಮ ದೊಡ್ಡ ಸಿಲಿಂಡರಿಗೂ ನಿನ್ನದಕ್ಕೂ ಬಾಯಿ ಕೂಡವಲ್ದು. ಹಿತ್ತಾಳಿದೊಂದು ಜೋಡಣಿ ನಾನೇ ಮಾಡಿ, ಟೇಪ್ ಸುತ್ತಿ..." ಅವರು ಹೇಳುತ್ತ ಹೇಳುತ್ತ ನಿಲ್ಲಿಸಿದರು. "ಯಾಕ, ಸೋರ್ತಾ?"

ತಮ್ಮ ಹೇಳಿದ. ಕೂಗಾಡಲಿಲ್ಲ, ಮೆಲ್ಲಗೇ ಹೇಳಿದ. ತುಟಿ, ಕಣ್ಣಿನ ಸುತ್ತ ಕತ್ತಲೆ, ಅಕ್ಕ ಎಳೆಯದೆ ಹೋಗಿದ್ದರೆ, ಎರಡನೆಯದು ಹಾಕಿಕೊಂಡು ತಳಕ್ಕೆ ಹೋಗಿದ್ದರೆ. ಕಾಕಾ ಕೇಳುತ್ತ ಕಾಲು ಒಳಗೆ ಎಳೆದುಕೊಂಡರು.

"ಸುಳ್ಳು ಹೇಳ್ತಿ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಯವ್ವಾ, ಓದಿದವಳು ನೀ ಹೇಳು. ನಮ್ಮಾಕಿ ದವಾಖಾನ್ಯಾಗ ಆಕ್ಸಿಜನ್ ಸಿಗಲಾರದೇ ಹೋದಳು. ನಾ ಆಕ್ಸಿಜನ್ ಅಂಗಡಿ ಇಟ್ಟವ, ಓಡಿ ಒಯ್ಯೋದರಾಗ ಹೋದಳು. ಅದು ಮನುಷ್ಯಾಗ ವಿಷ ಅಂದ್ರ ನಾ ಹ್ಯಾಂಗ ನಂಬ್ಲಿ?"

ನಾನು ಅವರ ಹತ್ತಿರ ಹೋಗಿ ಕೂತೆ. "ಮೇಲೆ ಇದ್ದವರಿಗೆ ಅಲ್ಲ ಕಾಕಾ. ನೀರಾಗ ಇಳಿದವರಿಗೆ. ಆಳಕ್ಕ ಹೋದಷ್ಟೂ," ಎಂದೆ. ಸುಟ್ಟ ಬೆರಳನ್ನು ತೋರಿಸಿದೆ. ಅವರು ಅದನ್ನು ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು, ಬೊಬ್ಬೆ ಎದ್ದಿದೆ, ಎಣ್ಣಿ ಹಚ್ಚು ಎಂದರು.

ತಮ್ಮ ಸಿಲಿಂಡರಿನ ಬಾಯಿ ತಿರುಗಿಸಿ ಒಳಗಿದ್ದದ್ದನ್ನು ಹೊರಗೆ ಬಿಡತೊಡಗಿದ. ಕಾಕಾ ಬೀಡಿಗೆ ಕಡ್ಡಿ ಗೀರಲು ಹೋದರು. ತಮ್ಮ ಕೈ ಅಡ್ಡ ಇಟ್ಟ. ಅವರು ಬೀಡಿಯನ್ನು ಹಾಗೆಯೇ ಕಿವಿಗೆ ಸಿಕ್ಕಿಸಿಕೊಂಡು, ಸುಸ್ಸೆನ್ನುವ ಸದ್ದನ್ನು ಕೇಳುತ್ತ ಕೂತರು. ಆಮೇಲೆ ಓಣಿಯ ಕಡೆ ನೋಡುತ್ತ, ಟ್ಯಾಂಕರ್ ಬಂತೇನು ಎಂದು ಕೇಳುವಷ್ಟು ಸಹಜವಾಗಿ ಹೇಳಿದರು:

"ಹಂಗಾದ್ರ ನಿನ್ನಿ ಚಿಂಚೋಳಿ ಕಡೆ ಕೆರಿ ಕೆಲಸಕ್ಕ ಹೊಂಟವರು ಬಂದಿದ್ರು ನೋಡು, ಇಂಥವೇ ಸಿಲಿಂಡರ್ ತಗೊಂಡು. ಅವರೂ ಪಾಪ ಗಾಳಿನೇ ಕೇಳಿದ್ರು. ನಾನೇ ಜಬರದಸ್ತಿ ಮಾಡಿ ಅಸಲಿದು ಹಾಕಿ ಕಳಿಸೀನಿ. ಇಷ್ಟೊತ್ತಿಗೆ ಕೆಲಸ ಮುಗಿಸಿರಬೇಕು ಅವರು."